ಕೈಮಾಗೆ ಸೋಯಾ ಬೆರೆಸಿದರೆ ಏನಾಗುತ್ತದೆ? ನೂರು ಜನರ ಅಡುಗೆಯಲ್ಲಿ ಇಂಗಾಲದ ಲೆಕ್ಕ

ನಾನು ಮೊದಲ ಸಲ ಸೋಯಾ ಬೆರೆಸಿ ಕೈಮಾ ಉಂಡೆ ಮಾಡಿದ್ದು ಮನೆಯಲ್ಲಿ ನಲವತ್ತು ಜನ ಸೇರಿದ್ದ ಒಂದು ಭಾನುವಾರ. ಅರ್ಧ ಮಟನ್ ಕೈಮಾ, ಅರ್ಧ ನೆನೆಸಿದ ಸೋಯಾ. ಉಂಡೆ ಕಟ್ಟುವಾಗ ಎಲ್ಲ ಸರಿಯಾಗಿಯೇ ಇತ್ತು. ಕುದಿಯುವ ಸಾರಿಗೆ ಬಿಟ್ಟ ಐದೇ ನಿಮಿಷಕ್ಕೆ ಒಂದೊಂದಾಗಿ ಬಿಚ್ಚಿಕೊಂಡವು. ಚಿಕ್ಕಮ್ಮ ಸೌಟು ಆಡಿಸಿ, "ಉಂಡೆ ಎಲ್ಲಿಗೆ ಹೋದ್ವೋ?" ಅಂದರು. ಸಾರು ಗೊಜ್ಜಾಗಿತ್ತು. ಮುದ್ದೆ ಜೊತೆ ಎಲ್ಲರೂ ಉಂಡರು ಬಿಡಿ, ಯಾರೂ ಬೈಯಲಿಲ್ಲ. ಆದರೆ ಒಡೆದದ್ದು ಯಾಕೆ ಅನ್ನುವುದು ತಲೆಯಲ್ಲಿ ಉಳಿಯಿತು.

ಈಗ ಈ ಪ್ರಶ್ನೆ ನನ್ನೊಬ್ಬನದಲ್ಲ. ಮಟನ್ ಬೆಲೆ ಏರುತ್ತಲೇ ಇದೆ. ಹಾಸ್ಟೆಲ್, ಕ್ಯಾಂಟೀನ್, ಬೀಗರ ಊಟ, ಎಲ್ಲ ಕಡೆ "ಸ್ವಲ್ಪ ಸೋಯಾ ಬೆರೆಸಿದರೆ ಹೇಗೆ?" ಅನ್ನುವ ಮಾತು ಬರುತ್ತದೆ. ಜೊತೆಗೆ ಇದು ಭೂಮಿಯ ಬಿಸಿಯನ್ನೂ ಕಡಿಮೆ ಮಾಡುತ್ತದಂತೆ ಅಂತ ಯಾರೋ ಸೇರಿಸುತ್ತಾರೆ. ಹೌದಾ? ಎಷ್ಟು? ರುಚಿ ಕೆಡದ ಹಾಗೆ ಮಾಡುವುದು ಹೇಗೆ? ಬುಡದಿಂದ ನೋಡೋಣ.

ಕುರಿಯ ತೇಗು, ಭೂಮಿಯ ಬಿಸಿ

ಕುರಿ, ಮೇಕೆ, ದನ, ಎಮ್ಮೆ ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಹೊಟ್ಟೆಯಲ್ಲಿ ನಾಲ್ಕು ಕೋಣೆ. ಅದರಲ್ಲಿ ದೊಡ್ಡದು ಒಂಥರಾ ಹುಳಿ ಬರಿಸುವ ಪಾತ್ರೆ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬಂದು ಗುಳ್ಳೆ ಏಳುತ್ತದಲ್ಲ, ಹಾಗೆಯೇ ಇಲ್ಲೂ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಕರಗಿಸುತ್ತವೆ. ಆಗ ಹುಟ್ಟುವ ಅನಿಲಗಳಲ್ಲಿ ಮೀಥೇನ್ ಒಂದು. ಅದು ಬಹುಪಾಲು ಹೊರಗೆ ಬರುವುದು ತೇಗಿನಲ್ಲಿ. ಜನ ಅಂದುಕೊಂಡಿರುವ ಇನ್ನೊಂದು ದಾರಿಯಲ್ಲಿ ಅಲ್ಲ.

ಮೀಥೇನ್ ಗಾಳಿಯಲ್ಲಿ ಹನ್ನೆರಡು ವರ್ಷದ ಆಸುಪಾಸು ಮಾತ್ರ ಇರುತ್ತದೆ. ಆದರೆ ಇರುವಷ್ಟು ಕಾಲ ಶಾಖವನ್ನು ಜೋರಾಗಿ ಹಿಡಿದಿಡುತ್ತದೆ. ನೂರು ವರ್ಷದ ಲೆಕ್ಕ ಹಾಕಿದರೆ, ಒಂದು ಕೆಜಿ ಮೀಥೇನ್ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಹೀಗೆ ಬೇರೆ ಬೇರೆ ಅನಿಲಗಳನ್ನೆಲ್ಲ ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ತಿರುಗಿಸಿ ಕೂಡಿಸುತ್ತಾರೆ. ಡಾಲರ್, ದಿರಮ್ ಎಲ್ಲವನ್ನೂ ರೂಪಾಯಿಗೆ ತಿರುಗಿಸಿ ಒಟ್ಟು ಎಷ್ಟು ಅಂತ ನೋಡುವ ಹಾಗೆ. ಮುಂದೆ ನಾನು 'ಇಷ್ಟು ಕೆಜಿ ಇಂಗಾಲ' ಅಂದರೆ ಈ ಕೂಡಿಸಿದ ಲೆಕ್ಕ ಅಂತ ತಿಳಿಯಿರಿ.

2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 119 ದೇಶಗಳ ಸುಮಾರು 38,000 ಜಮೀನುಗಳ ಲೆಕ್ಕ ಅದರಲ್ಲಿತ್ತು. ಅದರ ಪ್ರಕಾರ ಮೂಳೆ ಇಲ್ಲದ ಒಂದು ಕೆಜಿ ಮಟನ್ ಅಂಗಡಿಗೆ ಬರುವಷ್ಟರಲ್ಲಿ ಸರಾಸರಿ 40 ಕೆಜಿ ಇಂಗಾಲ ಆಗುತ್ತದೆ. ಕೋಳಿಗೆ ಸುಮಾರು 10 ಕೆಜಿ. ಕೋಳಿ ಮೆಲುಕು ಹಾಕುವುದಿಲ್ಲ, ಬೇಗ ಬೆಳೆಯುತ್ತದೆ, ಅದಕ್ಕೇ ಕಡಿಮೆ.

ತೂಕ ಬಿಟ್ಟು ಪ್ರೋಟೀನಿನ ಲೆಕ್ಕದಲ್ಲಿ ನೋಡಿದರೆ ಹೋಲಿಕೆ ಇನ್ನೂ ನ್ಯಾಯವಾಗಿರುತ್ತದೆ. 100 ಗ್ರಾಂ ಪ್ರೋಟೀನಿಗೆ ಮಟನ್ ಸುಮಾರು 20 ಕೆಜಿ, ಕೋಳಿ ಆರು ಕೆಜಿಯ ಹತ್ತಿರ, ಸೋಯಾದಿಂದ ಮಾಡುವ ತೋಫು 2 ಕೆಜಿ, ಬಟಾಣಿ ಅರ್ಧ ಕೆಜಿಗೂ ಕಮ್ಮಿ.

ಇವು ಜಗತ್ತಿನ ಸರಾಸರಿ. ಮಳೆಗಾಲ ಮುಗಿದ ಮೇಲೆ ಕಟಾವಾದ ಹೊಲದಲ್ಲಿ ಕೂಳೆ ಮೇಯುವ ನಮ್ಮ ಕುರಿಮಂದೆಯ ಲೆಕ್ಕ ಇದಕ್ಕೆ ಸರಿಯಾಗಿ ಹೊಂದಬೇಕು ಅಂತೇನಿಲ್ಲ. ಅವಕ್ಕೆ ಮೇವು ಬೆಳೆಯುವ ಖರ್ಚಿಲ್ಲ, ಹೊಲಕ್ಕೆ ಗೊಬ್ಬರವೂ ಬೀಳುತ್ತದೆ. ಇನ್ನೊಂದು ಕಡೆ ಅವು ನಿಧಾನವಾಗಿ ಮೈತುಂಬುತ್ತವೆ. ಅಂದರೆ ಒಂದು ಕೆಜಿ ಮಾಂಸಕ್ಕೆ ಹೆಚ್ಚು ದಿನದ ತೇಗು. ಹಾಗಾಗಿ ಕೆಳಗಿನ ಅಂಕಿಗಳನ್ನು ಅಂದಾಜು ಅಂತಲೇ ಓದಿಕೊಳ್ಳಿ.

ನೂರು ಜನಕ್ಕೆ ಎಷ್ಟು?

ಬೇರೆ ಪದಾರ್ಥಗಳ ಜೊತೆ ಕೈಮಾ ಬಡಿಸುವುದಾದರೆ ತಲೆಗೆ 100 ಗ್ರಾಂ ಹಸಿ ಕೈಮಾ ಹಿಡಿಯೋಣ. ನೂರು ಜನಕ್ಕೆ 10 ಕೆಜಿ. ಮೇಲಿನ ಲೆಕ್ಕದಲ್ಲಿ 400 ಕೆಜಿ ಇಂಗಾಲ.

ಅದು ಎಷ್ಟು ಅಂತ ಅಂದಾಜಾಗಲು ಗ್ಯಾಸ್ ಸಿಲಿಂಡರ್ ನೋಡಿ. ಅಡುಗೆಯವರು ತರುವ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 57 ಕೆಜಿ. ಅಂದರೆ ಹತ್ತು ಕೆಜಿ ಕೈಮಾ ಏಳು ಸಿಲಿಂಡರಿಗೆ ಸಮ. ನೂರು ಜನರ ಇಡೀ ಅಡುಗೆಗೆ ಏಳು ಸಿಲಿಂಡರ್ ಯಾರೂ ಸುಡುವುದಿಲ್ಲ. ಒಲೆ ಯಾವುದು, ಮಾಂಸ ಎಷ್ಟು ದೂರದಿಂದ ಬಂತು ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಆದರೆ ಇಂಗಾಲದ ಬಹುಪಾಲು ಪ್ರಾಣಿ ಬದುಕಿದ್ದಾಗಲೇ ಹೊರಗೆ ಬಂದಿರುತ್ತದೆ.

ಈಗ ಹತ್ತರಲ್ಲಿ ನಾಲ್ಕು ಕೆಜಿಯ ಜಾಗಕ್ಕೆ ನೆನೆಸಿದ ಸೋಯಾ ಹಾಕಿ. ಆರು ಕೆಜಿ ಮಟನ್ನಿಗೆ 240 ಕೆಜಿ. ನಾಲ್ಕು ಕೆಜಿ ನೆನೆಸಿದ ಸೋಯಾದಲ್ಲಿ ಸುಮಾರು 680 ಗ್ರಾಂ ಪ್ರೋಟೀನ್ ಇರುತ್ತದೆ, ಅದಕ್ಕೆ ತೋಫುವಿನ ದರವನ್ನೇ ಹಿಡಿದರೂ 14 ಕೆಜಿ. ಒಟ್ಟು 254. ಉಳಿತಾಯವಾದದ್ದು 146 ಕೆಜಿ, ಅಂದರೆ ಎರಡೂವರೆ ಸಿಲಿಂಡರ್. ಒಂದೇ ಊಟದಲ್ಲಿ, ಒಂದೇ ಪದಾರ್ಥದಲ್ಲಿ.

ಒಂದು ಮಾತು ಮುಚ್ಚಿಡಬಾರದು. ಹತ್ತು ಕೆಜಿಯನ್ನೂ ಕೋಳಿ ಕೈಮಾ ಮಾಡಿದರೆ ಲೆಕ್ಕ 100 ಕೆಜಿಗೆ ಇಳಿಯುತ್ತದೆ. ಸೋಯಾ ಬೆರೆಸಿದ್ದಕ್ಕಿಂತ ಜಾಸ್ತಿ ಉಳಿತಾಯ. ಆದರೆ ಬೀಗರ ಮುಂದೆ ಮಟನ್ ಇಲ್ಲದೆ ಎಲೆ ಹಾಕುವುದು ಹೇಗೆ ಅನ್ನುವವರೇ ಹೆಚ್ಚು. ಬೆರಕೆ ಕೈಮಾ ಅಂಥವರಿಗೆ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ನಾಲ್ಕು ಕೆಜಿ ನೆನೆಸಿದ ಸೋಯಾಗೆ 1.3 ಕೆಜಿ ಒಣ ಸೋಯಾ ಸಾಕು. ಕೈಮಾ ಕೆಜಿಗೆ 800, ಒಣ ಸೋಯಾ 150 ಅಂತ ಇಟ್ಟುಕೊಂಡರೆ 8,000 ರೂಪಾಯಿಯ ಬಾಬತ್ತು 5,000ಕ್ಕೆ ಇಳಿಯುತ್ತದೆ.

ಸೋಯಾ ಗ್ರಾನ್ಯೂಲ್ ಅಂದರೆ ಏನು?

ಅಂಗಡಿಯಲ್ಲಿ ಎರಡು ರೂಪದಲ್ಲಿ ಸಿಗುತ್ತದೆ. ದುಂಡಗಿನ ಉಂಡೆಗಳನ್ನು ಸೋಯಾ ಚಂಕ್ಸ್ ಅಂತಲೂ ಮೀಲ್ ಮೇಕರ್ ಅಂತಲೂ ಕರೆಯುತ್ತಾರೆ. ದಪ್ಪ ರವೆಯ ಹಾಗಿರುವುದು ಗ್ರಾನ್ಯೂಲ್. ಕೈಮಾಗೆ ಇದೇ ಬೇಕು.

ಸೋಯಾ ಅವರೆ ಮುಂಗಾರಿನಲ್ಲಿ ಬಿತ್ತಿ ಮೂರು ತಿಂಗಳ ಆಸುಪಾಸಿನಲ್ಲಿ ಕೊಯ್ಯುವ ಬೆಳೆ. ನಮ್ಮಲ್ಲಿ ಬೀದರ್, ಬೆಳಗಾವಿ, ಧಾರವಾಡದ ಕಡೆ ಬೆಳೆಯುತ್ತಾರೆ. ದ್ವಿದಳ ಧಾನ್ಯವಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಯೂರಿಯಾ ಕಡಿಮೆ ಸಾಕು. ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಹಿಟ್ಟು ಮಾಡಿ, ನೀರು ಬೆರೆಸಿ, ಭಾರೀ ಒತ್ತಡ ಮತ್ತು ಶಾಖದಲ್ಲಿ ಸಣ್ಣ ಕಿಂಡಿಯಿಂದ ತಳ್ಳುತ್ತಾರೆ. ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಹೊರಗೆ ಬಂದ ತಕ್ಷಣ ಒತ್ತಡ ಇಳಿದು ಒಳಗಿನ ನೀರು ಆವಿಯಾಗಿ ಹಾರುತ್ತದೆ, ಹಿಟ್ಟು ಮಂಡಕ್ಕಿಯಂತೆ ಉಬ್ಬುತ್ತದೆ. ಒಳಗೆಲ್ಲ ಸ್ಪಂಜಿನಂಥ ತೂತು. ಅದನ್ನು ಒಣಗಿಸಿದರೆ ಸೋಯಾ ಸಿದ್ಧ.

ಒಣ ಸೋಯಾದ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್. ಒಂದು ಕೆಜಿಯನ್ನು ನೆನೆಸಿ ಹಿಂಡಿದರೆ ಸುಮಾರು ಮೂರು ಕೆಜಿ ಆಗುತ್ತದೆ. ಆಗ 100 ಗ್ರಾಮಿನಲ್ಲಿ 17 ಗ್ರಾಂ ಪ್ರೋಟೀನ್ ಉಳಿಯುತ್ತದೆ. ಮಟನ್ನಿನಲ್ಲಿ 20ರ ಹತ್ತಿರ. ಅದಕ್ಕೇ ಅಳತೆ ಯಾವಾಗಲೂ ನೆನೆಸಿದ ತೂಕದಲ್ಲಿ. ನಾಲ್ಕು ಕೆಜಿ ಕೈಮಾ ತೆಗೆದರೆ ನಾಲ್ಕು ಕೆಜಿ ನೆನೆಸಿದ ಸೋಯಾ. ಅಂಗಡಿಯಿಂದ ತರಬೇಕಾದ್ದು ಬರೀ 1.3 ಕೆಜಿ. ಇದು ಗೊತ್ತಿಲ್ಲದೆ ನಾಲ್ಕು ಕೆಜಿ ಒಣ ಸೋಯಾ ನೆನೆಸಿದರೆ ಹನ್ನೆರಡು ಕೆಜಿ ಉಬ್ಬಿ ಕೂತಿರುತ್ತದೆ. ಪಾತ್ರೆ ಹುಡುಕಬೇಕಾಗುತ್ತದೆ.

ದೊಡ್ಡ ಅಡುಗೆಯಲ್ಲಿ ಹೀಗೆ ಬೆರೆಸುವುದು ಹೊಸದೇನಲ್ಲ. ಅಮೆರಿಕದ ಕೃಷಿ ಇಲಾಖೆ 1971ರಲ್ಲೇ ಶಾಲಾ ಮಕ್ಕಳ ಊಟದ ಮಾಂಸದಲ್ಲಿ ಶೇ. 30ರವರೆಗೆ ನೆನೆಸಿದ ಸೋಯಾ ಬೆರೆಸಲು ಒಪ್ಪಿತ್ತು. ಆಗಿನ ಯೋಚನೆ ಖರ್ಚಿನದು, ಹವಾಮಾನದ್ದಲ್ಲ.

ಉಂಡೆ ಒಡೆದದ್ದು ಯಾಕೆ?

ಸಾಂಬಾರಿನ ಮಟನ್ ತುಂಡಿಗೆ ಸೋಯಾ ಸಾಟಿಯಲ್ಲ. ಅಲ್ಲಿ ನಾರು ಬಿಡಿಸಿ ಜಗಿಯುವುದೇ ಖುಷಿ. ಕೈಮಾದಲ್ಲಿ ಆ ನಾರನ್ನು ನಾವೇ ಮೊದಲೇ ಕೊಚ್ಚಿ ಹಾಕಿರುತ್ತೇವೆ, ಮಸಾಲೆಯೂ ಗಾಢ. ಹಾಗಾಗಿ ಬೆರಕೆ ಇಲ್ಲಿ ನಡೆಯುತ್ತದೆ. ನಡೆಯುತ್ತದೆ ಅಷ್ಟೇ, ಸುಮ್ನೆ ಬೆರೆಸಿದರೆ ಆಗುವುದಿಲ್ಲ.

ಹಸಿ ಕೈಮಾಗೆ ಉಪ್ಪು ಹಾಕಿ ನಾದಿ ನೋಡಿ. ಐದು ನಿಮಿಷಕ್ಕೆ ಕೈಗೆ ಅಂಟಂಟಾಗುತ್ತದೆ. ಉಪ್ಪು ಮಾಂಸದೊಳಗಿನ ಒಂದು ಬಗೆಯ ಪ್ರೋಟೀನನ್ನು ಹೊರಗೆಳೆದಿರುತ್ತದೆ, ಆ ಅಂಟು ಅದೇ. ಬಿಸಿ ತಗುಲಿದಾಗ ಅದು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಉಂಡೆಯನ್ನು ಹಿಡಿದಿಡುತ್ತದೆ. ಸೋಯಾದಲ್ಲೂ ಪ್ರೋಟೀನ್ ಇದೆ, ಆದರೆ ಅದು ಕಾರ್ಖಾನೆಯ ಯಂತ್ರದಲ್ಲೇ ಬೆಂದು ಗಟ್ಟಿಯಾಗಿದೆ. ಬೇಯಿಸಿದ ಮೊಟ್ಟೆ ಪುಡಿ ಮಾಡಿ ಆಮ್ಲೆಟ್ ಹುಯ್ಯಲಿಕ್ಕೆ ಆಗುತ್ತಾ? ನಾನು ಮಾಡಿದ್ದು ಅದನ್ನೇ.

ಹಾಗಾದರೆ ಅಂಟು ಬರಬೇಕಾದ್ದು ಮಾಂಸದಿಂದ, ಇಲ್ಲವೇ ಹೊರಗಿನಿಂದ. ಉಪ್ಪನ್ನು ಮೊದಲು ಬರೀ ಕೈಮಾಗೆ ಹಾಕಿ, ಅಂಟು ಬರುವ ತನಕ ನಾದಿ, ಆಮೇಲೆ ಸೋಯಾ ಸೇರಿಸಬೇಕು. ಹುರಿಗಡಲೆ ಪುಡಿಯನ್ನು ಉಂಡೆಗೆ ಹೇಗೂ ಹಾಕುತ್ತೇವೆ, ಬೆರಕೆಗೆ ಒಂದು ಹಿಡಿ ಜಾಸ್ತಿ. ಇಷ್ಟು ಮಾಡಿದರೂ ಉಂಡೆಯಲ್ಲಿ ಸೋಯಾ ಮೂರರಲ್ಲೊಂದು ಪಾಲು ದಾಟದಿದ್ದರೆ ಒಳ್ಳೆಯದು. ಗೊಜ್ಜು ಅಥವಾ ಕೈಮಾ ಫ್ರೈ ಆದರೆ ಅರ್ಧದವರೆಗೂ ಹೋಗಬಹುದು, ಅಲ್ಲಿ ಒಡೆಯಲು ಏನೂ ಇಲ್ಲ.

ದೊಡ್ಡ ಪಾತ್ರೆಯಲ್ಲಿ ಮಾಡುವ ಬಗೆ

ಸೋಯಾಗೆ ಇನ್ನೂ ಮೂರು ಕೊರತೆ ಇವೆ. ಉಪ್ಪಿಲ್ಲ, ಕೊಬ್ಬಿಲ್ಲ, ಜೊತೆಗೆ ಒಂದು ಹಸಿಕಾಳಿನ ವಾಸನೆ.

ವಾಸನೆಯಿಂದ ಶುರು ಮಾಡೋಣ. ಕುದಿಯುವ ನೀರಿಗೆ ಗ್ರಾನ್ಯೂಲ್ ಹಾಕಿ ಹತ್ತು ನಿಮಿಷ ಬಿಡಿ. ನೀರು ಬಸಿದು ಚೆಲ್ಲಿ. ತಣ್ಣೀರಿನಲ್ಲಿ ಎರಡು ಸಲ ತೊಳೆದು ಹಿಂಡಿ. ಹೊಟ್ಟೆ ಉಬ್ಬರ ತರುವ ಸಕ್ಕರೆ ಅಂಶವೂ ಸ್ವಲ್ಪ ಈ ನೀರಿನ ಜೊತೆ ಹೋಗುತ್ತದೆ.

ಹಿಂಡುವುದೇ ಅಸಲಿ ಕೆಲಸ. ಮನೆಯಲ್ಲಾದರೆ ಮುಷ್ಟಿಯಲ್ಲಿ ಹಿಂಡಬಹುದು. ಐನೂರು ಜನದ ಅಡುಗೆಗೆ 20 ಕೆಜಿ ನೆನೆದ ಸೋಯಾ ಇರುತ್ತದೆ. ಅದಕ್ಕೆ ತೆಳು ಪಂಚೆಯಲ್ಲಿ ಗಂಟು ಕಟ್ಟಿ, ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುಚಬೇಕು. ಬಕೆಟ್ಟಿಗೆ ಮಬ್ಬು ನೀರು ಸುರಿಯುತ್ತದೆ, ಹನಿ ಹನಿಯಾಗುವ ತನಕ ಬಿಡಬಾರದು. ಬಿಸಿ ಇದ್ದಾಗ ಕೈ ಹಾಕಿದರೆ ಸುಡುತ್ತದೆ, ತಣ್ಣೀರು ಹುಯ್ದ ಮೇಲೆಯೇ ಹಿಂಡಿ.

ಹಿಂಡಿದ ಸ್ಪಂಜು ಈಗ ಏನನ್ನು ಬೇಕಾದರೂ ಕುಡಿಯಲು ಸಿದ್ಧ. ಇಲ್ಲಿ ನೀರಿನ ಬದಲು ಮೂಳೆ ಬೇಯಿಸಿದ ಬಿಸಿ ರಸ ಕೊಡಿ. ಕೈಮಾಗೆ ಮಾಂಸ ಬಿಡಿಸಿದ ಮೂಳೆ ಹೇಗೂ ಇರುತ್ತದಲ್ವಾ? ಲೀಟರಿಗೆ ಎರಡು ಚಮಚ ಉಪ್ಪು, ಅರಿಶಿನ, ಸ್ವಲ್ಪ ಶುಂಠಿ ಬೆಳ್ಳುಳ್ಳಿ. ಹತ್ತು ನಿಮಿಷ ನೆನೆಸಿ ಮತ್ತೆ ಹಗುರಾಗಿ ಹಿಂಡಿ. ಮಟನ್ನಿನ ರುಚಿ ಸೋಯಾದ ಒಳಗೇ ಹೋಗಿ ಕೂರುತ್ತದೆ. ಹಿಂಡಿದ ರಸ ಉಪ್ಪಾಗಿರುತ್ತದೆ, ಸಾರಿಗೇ ಹಾಕಿ, ಮೇಲಿನ ಉಪ್ಪು ಕಡಿಮೆ ಮಾಡಿ. ನನ್ನ ಮಟ್ಟಿಗೆ ಇಡೀ ಅಡುಗೆಯಲ್ಲಿ ಅತಿ ಹೆಚ್ಚು ವ್ಯತ್ಯಾಸ ಮಾಡಿದ್ದು ಇದೊಂದು ಹೆಜ್ಜೆ.

ಆಮೇಲೆ ಹುರಿಯುವುದು. ಹಸಿಯಾದದ್ದು ಕೆಂಪಗಾಗುವುದಿಲ್ಲ, ಯಾಕೆಂದರೆ ನೀರಿರುವ ತನಕ ಶಾಖ ನೂರು ಡಿಗ್ರಿ ದಾಟುವುದಿಲ್ಲ. ಹುರಿದ ಘಮ ಹುಟ್ಟಲು 140 ಡಿಗ್ರಿಯ ಆಸುಪಾಸು ಬೇಕು. ಹಾಗಾಗಿ ಅಗಲ ಬಾಣಲೆಯಲ್ಲಿ ಎಣ್ಣೆ ಬಿಟ್ಟು, ಒಂದು ಸಲಕ್ಕೆ ಎರಡು ಕೆಜಿಗಿಂತ ಜಾಸ್ತಿ ಹಾಕದೆ, ಅಂಚು ಕೆಂಪಾಗುವ ತನಕ ಹುರಿಯಿರಿ. ಎಲ್ಲ ಒಟ್ಟಿಗೆ ಸುರಿದರೆ ಹುರಿಯುವ ಬದಲು ಬೇಯುತ್ತದೆ.

ಕೊಬ್ಬಿನ ಕೊರತೆಗೆ ಕಸಾಯಿಯವರಿಗೆ ಮೊದಲೇ ಹೇಳಿ, ಕೈಮಾಗೆ ಸ್ವಲ್ಪ ಕೊಬ್ಬು ಸೇರಿಸಿಯೇ ಕೊಚ್ಚಿಸಿ. ಮಸಾಲೆಯ ಘಮದಲ್ಲಿ ಬಹಳಷ್ಟು ಕರಗುವುದು ಕೊಬ್ಬಿನಲ್ಲೇ. ರುಬ್ಬಿದ ತೆಂಗಿನಕಾಯಿ, ಗಸಗಸೆಯೂ ಆ ಕೆಲಸ ಮಾಡುತ್ತವೆ.

ಕೈಮಾ ಮುಕ್ಕಾಲು ಬೆಂದ ಮೇಲೆ ಹುರಿದ ಸೋಯಾ ಬೆರೆಸಿ, ಇನ್ನು ಹತ್ತು ಹನ್ನೆರಡು ನಿಮಿಷ ಸಾಕು. ಉಂಡೆಯಾದರೆ ಎಲ್ಲ ಕಟ್ಟುವ ಮುಂಚೆ ಒಂದೇ ಒಂದು ಉಂಡೆಯನ್ನು ಕುದಿಯುವ ಸಾರಿಗೆ ಬಿಟ್ಟು ಐದು ನಿಮಿಷ ಕಾಯಿರಿ. ನಿಂತರೆ ಮುಂದುವರಿಸಿ. ಒಡೆದರೆ ಹುರಿಗಡಲೆ ಪುಡಿ ಇನ್ನೊಂದು ಹಿಡಿ.

ಕೆಡದ ಹಾಗೆ ನೋಡಿಕೊಳ್ಳುವುದು ಇನ್ನೊಂದು ವಿಷಯ. ನೆನೆಸಿದ ಸೋಯಾ ಹಸಿ ಮಾಂಸದಷ್ಟೇ ಬೇಗ ಕೆಡುತ್ತದೆ, ಹಿಂದಿನ ರಾತ್ರಿ ನೆನೆಸಿ ಹೊರಗಿಡಬೇಡಿ. ದೊಡ್ಡ ಪಾತ್ರೆಯ ತೊಂದರೆ ಅಂದರೆ ಅದು ತಣಿಯಲು ಗಂಟೆಗಟ್ಟಲೆ ಬೇಕು. ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತವನ್ನೂ ತಾಳಿಕೊಂಡು, ಪಾತ್ರೆ ಉಗುರುಬೆಚ್ಚಗಾದಾಗ ಚಿಗುರುತ್ತವೆ. ಬಡಿಸುವ ತನಕ ಹೊಗೆಯಾಡುವಷ್ಟು ಬಿಸಿ ಇರಲಿ. ಉಳಿದದ್ದನ್ನು ಅಗಲ ತಟ್ಟೆಗಳಿಗೆ ತೆಳುವಾಗಿ ಹರಡಿ ತಣಿಸಿ ಫ್ರಿಜ್ಜಿಗೆ ಇಡಿ.

ಸೋಯಾ ಬೇಡ ಅನ್ನುವವರಿಗೆ

ಹೆಸರಿಲ್ಲದೆಯೇ ನಮ್ಮ ಅಡುಗೆಮನೆ ಈ ಕೆಲಸ ಮಾಡಿಕೊಂಡು ಬಂದಿದೆ. ಹಳೇ ಮೈಸೂರು ಕಡೆ ಚಳಿಗಾಲದಲ್ಲಿ ಕೈಮಾಗೆ ಹಿತಕಿದ ಅವರೆಬೇಳೆ ಬೀಳುತ್ತದೆ. ಶಾಮಿ ಕಬಾಬಿನಲ್ಲಿ ಕೈಮಾ ಜೊತೆ ಕಡಲೆಬೇಳೆ ಬೇಯುತ್ತದೆ, ಅದರ ಪಿಷ್ಟವೇ ಅಂಟು, ಉಂಡೆ ಒಡೆಯುವ ಭಯವೇ ಇಲ್ಲ. ದಾಲ್ಚಾದಲ್ಲಿ ಬೇಳೆಯದೇ ದೊಡ್ಡ ಪಾಲು. ಬೆಂದ ಬೇಳೆಯಲ್ಲಿ ಪ್ರೋಟೀನ್ 100 ಗ್ರಾಮಿಗೆ ಎಂಟೊಂಬತ್ತು ಗ್ರಾಂ, ಸೋಯಾದ ಅರ್ಧ. ಅಣಬೆ, ಹಲಸಿನಕಾಯಿ ರುಚಿಗೂ ನಾರಿಗೂ ಸರಿ, ಪ್ರೋಟೀನ್ ಲೆಕ್ಕಕ್ಕೆ ಬರುವುದಿಲ್ಲ.

ಜನ ಕೇಳುವ ಎರಡು ಪ್ರಶ್ನೆ

ಸೋಯಾ ತಿಂದರೆ ಗಂಡಸರ ಹಾರ್ಮೋನ್ ಏರುಪೇರಾಗುತ್ತಾ? ಪಂಕ್ತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಸೋಯಾದಲ್ಲಿ ಹೆಣ್ಣಿನ ಹಾರ್ಮೋನನ್ನು ಸ್ವಲ್ಪ ಹೋಲುವ ಅಂಶ ಇರುವುದು ನಿಜ. ಆದರೆ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2010 ಮತ್ತು 2021ರ ವಿಶ್ಲೇಷಣೆಗಳಲ್ಲಿ ಗಂಡಸರ ಟೆಸ್ಟೋಸ್ಟೆರಾನ್ ಬದಲಾದದ್ದು ಕಾಣಲಿಲ್ಲ.

ಸೋಯಾ ಬೆಳೆಯಲು ಅಮೆಜಾನ್ ಕಾಡು ಕಡಿಯುತ್ತಾರಲ್ವಾ? ಬ್ರೆಜಿಲ್‌ನಲ್ಲಿ ಆ ಸಮಸ್ಯೆ ಇದೆ. ಆದರೆ ಜಗತ್ತಿನ ಸೋಯಾದಲ್ಲಿ ಮುಕ್ಕಾಲು ಪಾಲು ಹೋಗುವುದು ಪ್ರಾಣಿಗಳ ಮೇವಿಗೆ. ಮನುಷ್ಯರು ತೋಫು, ಹಾಲು, ಚಂಕ್ಸ್ ಅಂತ ನೇರವಾಗಿ ತಿನ್ನುವುದು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ.

ಬಡಿಸುವ ಮುಂಚೆ

ಬೆರೆಸಿದ್ದನ್ನು ಹೇಳಿಯೇ ಬಡಿಸಬೇಕು. ಸೋಯಾ ಕೆಲವರಿಗೆ ಅಲರ್ಜಿ ತರುತ್ತದೆ. ಇನ್ನೊಂದು ಎಡವಟ್ಟೂ ಇದೆ: "ಸೋಯಾ ಕೈಮಾ" ಅಂತ ಮಾತ್ರ ಬರೆದರೆ ಸಸ್ಯಾಹಾರಿಗಳು ತಮ್ಮದೇ ಅಂದುಕೊಂಡು ಹಾಕಿಸಿಕೊಂಡುಬಿಡಬಹುದು. ಅವರಿಗೆ ಪೂರ್ತಿ ಸೋಯಾದ್ದನ್ನೇ ಮಾಡುವುದಾದರೆ ಮೂಳೆ ರಸ ಬೇಡ, ಪಾತ್ರೆ, ಸೌಟು, ಎಣ್ಣೆ ಎಲ್ಲ ಬೇರೆ.

ಎರಡನೇ ಸಲ ನಾನು ಮಾಡಿದಾಗ ಮೂರರಲ್ಲೊಂದು ಪಾಲು ಸೋಯಾ, ಮೂಳೆ ರಸದಲ್ಲಿ ನೆನೆಸಿದ್ದು. ಬಡಿಸುವ ಮುಂಚೆಯೇ ಹೇಳಿದ್ದೆ. ಚಿಕ್ಕಮ್ಮ ಒಂದು ಉಂಡೆಯನ್ನು ತಟ್ಟೆಯಲ್ಲಿ ಎರಡು ಹೋಳು ಮಾಡಿ, ಒಳಗೆ ನೋಡಿ, ಬಾಯಿಗೆ ಹಾಕಿಕೊಂಡರು. "ಉಪ್ಪು ಒಂದು ಕಲ್ಲು ಕಮ್ಮಿ," ಅಂದರು. ಸೋಯಾ ಬಗ್ಗೆ ಏನೂ ಹೇಳಲಿಲ್ಲ.